ಅಣುಶಕ್ತಿಗೆ ಶಾಲೆ ಕಟ್ಟಿದ ಡಾ. ರಾಜಾ ರಾಮಣ್ಣ

ಡಾ. ರಾಜಾ ರಾಮಣ್ಣನವರ ಹೆಸರು ಹೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು 1974ರ ಮೇ 18ರ ಪೋಖ್ರಾನ್. ರಾಜಸ್ಥಾನದ ಮರುಭೂಮಿಯಲ್ಲಿ ನಡೆದ ಮೊದಲ ಅಣು ಪರೀಕ್ಷೆಯ ಹಿಂದಿದ್ದ ಕನ್ನಡಿಗ ಎಂದು ಪಾಠಪುಸ್ತಕ, ಕ್ವಿಜ್ ಸ್ಪರ್ಧೆಗಳಲ್ಲಿ ಅವರು ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಆದರೆ ಶಾಲೆಯೊಂದಕ್ಕೆ ಐವತ್ತು ತುಂಬಿದ ಈ ಸಂಚಿಕೆಯಲ್ಲಿ ಅವರ ಮತ್ತೊಂದು ಕೆಲಸವನ್ನು ಹೇಳಬೇಕೆನಿಸಿತು. ಅವರೂ ಒಂದು ಶಾಲೆ ಕಟ್ಟಿದ್ದರು. ಒಂದೇ ವರ್ಷದ ಪಾಠ, ಒಂದೇ ತರಗತಿ. 1957ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಶಾಲೆ ಇವತ್ತಿಗೂ ನಡೆಯುತ್ತಿದೆ. ನಮ್ಮ ದೇಶದ ಅಣು ವಿದ್ಯುತ್ ಕೇಂದ್ರಗಳನ್ನು ಕಟ್ಟಿದ, ನಡೆಸಿದ ಇಂಜಿನಿಯರುಗಳಲ್ಲಿ, ವಿಜ್ಞಾನಿಗಳಲ್ಲಿ ಬಹುಪಾಲು ಜನ ಅದರ ಬೆಂಚಿನ ಮೇಲೆ ಕುಳಿತು ಎದ್ದು ಬಂದವರು.

ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು ತುಮಕೂರಿನಲ್ಲಿ. ತಂದೆ ಬಿ. ರಾಮಣ್ಣ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದರು. ತಾಯಿ ರುಕ್ಮಿಣಿ. ಬಾಲಕನ ಬೆಳವಣಿಗೆಯಲ್ಲಿ ತಾಯಿಯಷ್ಟೇ ದೊಡ್ಡ ಪಾಲು ತಾಯಿಯ ಸಹೋದರಿ ರಾಜಮ್ಮನವರದು. ಚಿಕ್ಕ ವಯಸ್ಸಿನಲ್ಲೇ ವೈಧವ್ಯ ಬಂದ ರಾಜಮ್ಮ ಸರಕಾರಿ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಆ ಕಾಲದಲ್ಲಿ ವಿಧವೆಯೊಬ್ಬರು ಓದಿ, ಶಾಲೆಯೊಂದನ್ನು ನಡೆಸುವುದು ಎಂದರೆ ಸಣ್ಣ ಮಾತಲ್ಲ. ಮುಂದೆ ದೇಶದ ವಿಜ್ಞಾನಿಗಳಿಗೆಲ್ಲ ಪಾಠದ ವ್ಯವಸ್ಥೆ ಮಾಡಿದ ಹುಡುಗನ ಮನೆಯಲ್ಲಿಯೇ ಒಬ್ಬರು ಸರಕಾರಿ ಶಾಲೆಯ ಹೆಡ್ ಟೀಚರ್ ಇದ್ದರು ಎಂಬುದನ್ನು ನಾವು ಶಿಕ್ಷಕರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಬಾಲ್ಯ ಮೈಸೂರು, ಬೆಂಗಳೂರುಗಳಲ್ಲಿ ಕಳೆಯಿತು. ಮೈಸೂರಿನಲ್ಲಿದ್ದಾಗಲೇ ಪಿಯಾನೊ ಪಾಠ ಶುರುವಾಗಿತ್ತು. ಎಳೆಯ ವಯಸ್ಸಿನಲ್ಲಿಯೇ ಮಹಾರಾಜರ ಎದುರು ನುಡಿಸಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು ಮುಗಿಸಿ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಜತೆಗೆ ಸಂಗೀತದ ಪರೀಕ್ಷೆಗಳನ್ನೂ ಕಟ್ಟುತ್ತಿದ್ದರು. ವಿಜ್ಞಾನವೋ ಸಂಗೀತವೋ ಎಂಬ ಪ್ರಶ್ನೆ ಅವರಿಗೆ ಬಹಳ ಕಾಲ ಇತ್ತಂತೆ. ವಿಚಿತ್ರವೆಂದರೆ ಅವರ ವಿಜ್ಞಾನದ ದಾರಿ ತೆರೆದದ್ದೂ ಸಂಗೀತದಿಂದಲೇ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನಿಂದ ಪರೀಕ್ಷಕರಾಗಿ ಬಂದಿದ್ದವರೊಬ್ಬರ ಮೂಲಕ 1944ರಲ್ಲಿ ಅವರಿಗೆ ಹೋಮಿ ಭಾಭಾ ಅವರ ಪರಿಚಯವಾಯಿತು. ಭಾಭಾ ಅವರಿಗೂ ಪಾಶ್ಚಾತ್ಯ ಸಂಗೀತದ ಹುಚ್ಚು. ಹತ್ತೊಂಬತ್ತರ ಹುಡುಗ, ಮೂವತ್ತೈದರ ವಿಜ್ಞಾನಿ, ಇಬ್ಬರ ನಡುವೆ ಮೊದಲು ಕುದುರಿದ್ದು ಮೊಜಾರ್ಟ್ ಬೀಥೋವನ್‌ರ ಮಾತು.

ಭಾಭಾ ಆಗ ಇದ್ದದ್ದು ಬೆಂಗಳೂರಿನಲ್ಲಿ. ಯುದ್ಧದಿಂದಾಗಿ ಕೇಂಬ್ರಿಡ್ಜಿಗೆ ಹಿಂದಿರುಗಲಾಗದೆ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಅವರ ವಿಭಾಗದಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದರು. 1944ರ ಮಾರ್ಚ್‌ನಲ್ಲಿ ಅಲ್ಲಿಂದಲೇ ಅವರು ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಇನ್ನೆರಡು ದಶಕಗಳಲ್ಲಿ ಅಣುಶಕ್ತಿಯಿಂದ ವಿದ್ಯುತ್ ತಯಾರಿಸುವ ಕಾಲ ಬರುತ್ತದೆ, ಆಗ ತಜ್ಞರಿಗಾಗಿ ನಾವು ಹೊರದೇಶಗಳ ಕಡೆ ನೋಡುವಂತಾಗಬಾರದು, ಅವರು ಇಲ್ಲಿಯೇ ಸಿದ್ಧರಿರಬೇಕು ಎಂಬುದು ಅದರ ತಿರುಳು. ಹಿರೋಶಿಮಾದ ಮೇಲೆ ಬಾಂಬು ಬೀಳಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಸಮಯವಿದ್ದಾಗ, ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲು ಬರೆದ ಪತ್ರ ಅದು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಆರಂಭವಾಗಿ, ಕೆಲವೇ ತಿಂಗಳಲ್ಲಿ ಮುಂಬಯಿಗೆ ಹೋಯಿತು. ನಮ್ಮ ರಾಜ್ಯದಲ್ಲಿ ಮೊಳೆತ ಸಸಿ ಎಂದು ಹೇಳಲು ಅಡ್ಡಿಯಿಲ್ಲ.

ರಾಮಣ್ಣ ಟಾಟಾ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೂ ಸಂಗೀತ ಬಿಡಲಿಲ್ಲ, ಅದರಲ್ಲೂ ಒಂದು ಪದವಿ ಗಳಿಸಿದರು. 1949ರ ಡಿಸೆಂಬರಿನಲ್ಲಿ ಭಾಭಾ ಅವರ ಸಂಸ್ಥೆಗೆ ಸೇರಿದಾಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ನ್ಯೂಟ್ರಾನುಗಳನ್ನು ನಿಧಾನಗೊಳಿಸುವ ಕುರಿತು, ಯುರೇನಿಯಂ ಬೀಜ ಒಡೆಯುವ ರೀತಿಯ ಕುರಿತು ಅವರು ನಡೆಸಿದ ಸಂಶೋಧನೆ ಹೆಸರಾಯಿತು. 1963ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದದ್ದು ಆ ಕೆಲಸಕ್ಕಾಗಿ.

1956ರ ಆಗಸ್ಟ್ 4ರಂದು ಮುಂಬಯಿಯ ಟ್ರಾಂಬೆಯಲ್ಲಿ ಅಪ್ಸರಾ ಎಂಬ ರಿಯಾಕ್ಟರ್ ಚಾಲೂ ಆಯಿತು. ಸೋವಿಯತ್ ದೇಶವನ್ನು ಬಿಟ್ಟರೆ ಏಷ್ಯಾ ಖಂಡದಲ್ಲೇ ಮೊದಲನೆಯದು. ನಮ್ಮೂರಿನ ತೋಟದ ಕೆರೆಯಂಥ ಒಂದು ಕಾಂಕ್ರೀಟ್ ಕೊಳ. ಸುಮಾರು 8 ಮೀಟರ್ ಆಳದ ತಿಳಿನೀರಿನಲ್ಲಿ ಇಂಧನ ಮುಳುಗಿರುತ್ತದೆ. ನಡೆಯುತ್ತಿರುವಾಗ ನೀರಿನೊಳಗಿಂದ ನೀಲಿ ಬೆಳಕು ಹೊಮ್ಮುತ್ತದೆ. ಅಪ್ಸರಾ ಎಂದು ಹೆಸರಿಟ್ಟವರು ಪ್ರಧಾನಿ ನೆಹರೂ. ವಿನ್ಯಾಸ ನಮ್ಮವರದೇ, ಇಂಧನ ಮಾತ್ರ ಬ್ರಿಟನ್ನಿನಿಂದ ಬಂತು. ಆ ತಂಡದಲ್ಲಿ ರಾಮಣ್ಣ ಇದ್ದರು. ಆದರೆ ಅಪ್ಸರಾ ಉರಿದ ಮೇಲೆ ದೊಡ್ಡ ಪ್ರಶ್ನೆ ಎದುರಾಯಿತು. ಬೆರಳೆಣಿಕೆಯ ಜನ ಸೇರಿ ಒಂದು ಸಣ್ಣ ರಿಯಾಕ್ಟರ್ ಕಟ್ಟಬಹುದು. ಕೆನಡಾದ ನೆರವಿನ ದೊಡ್ಡ ರಿಯಾಕ್ಟರ್ ಏಳುತ್ತಿತ್ತು, ವಿದ್ಯುತ್ ಕೇಂದ್ರಗಳು ಬರಲಿದ್ದವು. ಅವುಗಳಿಗೆ ನೂರಾರು, ಸಾವಿರಾರು ಜನ ಬೇಕು. ಅವರನ್ನು ಎಲ್ಲಿಂದ ತರುವುದು?

ಅಮೆರಿಕದಲ್ಲಿ ಓಕ್ ರಿಜ್‌ನಲ್ಲಿ 1950ರಿಂದಲೇ ರಿಯಾಕ್ಟರ್ ಶಾಲೆ ಇತ್ತು. ಚಿಕಾಗೊ ಬಳಿಯ ಆರ್ಗಾನ್‌ನಲ್ಲಿ 1955ರಲ್ಲಿ ಹೊರದೇಶದವರಿಗಾಗಿಯೇ ಒಂದು ಶಾಲೆ ತೆರೆದಿದ್ದರು. ಬ್ರಿಟನ್ನಿನಲ್ಲಿ ಹಾರ್‌ವೆಲ್ ಇತ್ತು. ಅಲ್ಲಿಗೆ ನಾಲ್ಕಾರು ಜನರನ್ನು ಕಳುಹಿಸಬಹುದು. ಪ್ರತಿವರ್ಷ ನೂರಾರು ಜನರನ್ನು ಕಳುಹಿಸಲಾಗದು. ಅಲ್ಲದೆ ಅವರು ತಮಗೆ ಬೇಕಾದಷ್ಟನ್ನೇ ಕಲಿಸುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಗ ಅಣು ಇಂಜಿನಿಯರಿಂಗ್ ಎಂಬ ವಿಷಯವೇ ಬೇರೂರಿರಲಿಲ್ಲ. ಕಲಿಸುವವರು ಇಲ್ಲ, ಪ್ರಯೋಗಕ್ಕೆ ರಿಯಾಕ್ಟರ್ ಇಲ್ಲ. ಹಾಗಾದರೆ ರಿಯಾಕ್ಟರ್ ಇದ್ದಲ್ಲಿಗೇ ಶಾಲೆಯನ್ನು ತರೋಣ ಎಂದು ಭಾಭಾ ತೀರ್ಮಾನಿಸಿದರು. ಅದನ್ನು ಕಟ್ಟುವ ಹೊಣೆ ಮೂವತ್ತೆರಡು ವರ್ಷದ ರಾಮಣ್ಣನವರ ಹೆಗಲಿಗೆ ಬಿತ್ತು.

ಈ ಶಾಲೆಯ ಪಠ್ಯಕ್ರಮದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಹೊಸದಾಗಿ ಬಂದ ವಿದ್ಯಾರ್ಥಿಗಳೆಲ್ಲ ಪದವೀಧರರೇ. ಆದರೆ ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಮತ್ತೊಬ್ಬ ರಸಾಯನಶಾಸ್ತ್ರ, ಮಗದೊಬ್ಬ ಭೌತಶಾಸ್ತ್ರ, ಜೀವಶಾಸ್ತ್ರದವರೂ ಉಂಟು. ಬಾಯ್ಲರ್, ಪಂಪು ಚೆನ್ನಾಗಿ ಗೊತ್ತಿದ್ದ ಇಂಜಿನಿಯರಿಗೆ ನ್ಯೂಟ್ರಾನ್ ಎಂದರೆ ಪುಸ್ತಕದ ಒಂದು ಶಬ್ದ. ನ್ಯೂಟ್ರಾನಿನ ಲೆಕ್ಕ ಬಲ್ಲ ಭೌತಶಾಸ್ತ್ರಿಗೆ ಪೈಪು ತುಕ್ಕು ಹಿಡಿಯುವುದು ಹೇಗೆಂದು ತಿಳಿಯದು. ರಿಯಾಕ್ಟರಿಗೆ ಇವರಿಬ್ಬರ ಭೇದ ಗೊತ್ತಿಲ್ಲ. ಯುರೇನಿಯಂನಲ್ಲಿ ಬೋರಾನ್ ಹತ್ತು ಲಕ್ಷದಲ್ಲಿ ಒಂದೆರಡು ಭಾಗ ಸೇರಿಕೊಂಡರೂ ಅದು ನ್ಯೂಟ್ರಾನುಗಳನ್ನು ನುಂಗಿ ಕೆಲಸ ಕೆಡಿಸುತ್ತದೆ. ಇಂಧನದ ಹೊದಿಕೆಗೆ ಬಳಸುವ ಜಿರ್ಕೋನಿಯಂ ಲೋಹದ ಜತೆ ಹಾಫ್ನಿಯಂ ಎಂಬ ಇನ್ನೊಂದು ಲೋಹ ನಿಸರ್ಗದಲ್ಲೇ ಅಂಟಿಕೊಂಡಿರುತ್ತದೆ. ಗುಣದಲ್ಲಿ ಇವೆರಡೂ ಅವಳಿ ಮಕ್ಕಳ ಹಾಗೆ, ಆದರೆ ಒಂದು ನ್ಯೂಟ್ರಾನನ್ನು ಬಿಟ್ಟುಕೊಡುತ್ತದೆ, ಇನ್ನೊಂದು ನುಂಗುತ್ತದೆ. ಎರಡನ್ನೂ ಬೇರ್ಪಡಿಸದೆ ಗತಿಯಿಲ್ಲ. ಹಾಗೆಂದು ತಿಳಿಯಬೇಕಾದರೆ ಲೋಹಶಾಸ್ತ್ರಿಗೆ ನ್ಯೂಟ್ರಾನಿನ ಪಾಠ ಆಗಿರಬೇಕು. ಲೋಹದ ವಿಭಾಗವನ್ನು ಕಟ್ಟಿದ ಡಾ. ಬ್ರಹ್ಮ ಪ್ರಕಾಶ್ ಅವರು ಟ್ರಾಂಬೆಗೆ ಬರುವ ಮೊದಲು ಬೆಂಗಳೂರಿನ ಟಾಟಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು.

ಆದ್ದರಿಂದ ಆ ಶಾಲೆಯಲ್ಲಿ ಪ್ರತಿಯೊಬ್ಬರೂ ತನ್ನದಲ್ಲದ ವಿಷಯವನ್ನೂ ಕಲಿಯಬೇಕಾಯಿತು. ಇಂಜಿನಿಯರುಗಳಿಗೆ ರಿಯಾಕ್ಟರ್ ಭೌತಶಾಸ್ತ್ರ, ವಿಜ್ಞಾನ ಪದವೀಧರರಿಗೆ ಇಂಜಿನಿಯರಿಂಗಿನ ಪರಿಚಯ, ಎಲ್ಲರಿಗೂ ವಿಕಿರಣದಿಂದ ಮೈಯನ್ನು ಕಾಪಾಡಿಕೊಳ್ಳುವ ಪಾಠ. ಎರಡನೆಯ ಹೊಸತನ ಕಲಿಸುವವರಲ್ಲಿತ್ತು. ಬರೀ ಪಾಠಕ್ಕೆಂದು ನೇಮಿಸಿದ ಅಧ್ಯಾಪಕ ವರ್ಗ ಇರಲಿಲ್ಲ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರೇ ಬಂದು ಆ ಕೆಲಸದ ಬಗ್ಗೆ ಪಾಠ ಹೇಳುತ್ತಿದ್ದರು. ಪುಸ್ತಕ ಹಳತಾಗುವ ಭಯವಿಲ್ಲ, ಏಕೆಂದರೆ ಪಾಠ ನಿನ್ನೆಯದು. ಇದಕ್ಕೂ ಒಂದು ತೊಂದರೆ ಉಂಟು: ದೊಡ್ಡ ವಿಜ್ಞಾನಿಗಳೆಲ್ಲ ಒಳ್ಳೆಯ ಮೇಷ್ಟ್ರುಗಳಲ್ಲ! ಮೇಲಿಂದ ಮೇಲೆ ಪರೀಕ್ಷೆ ಇಟ್ಟು ಯಾರಿಗೆ ಏನು ತಲೆಗೆ ಹೋಗಿಲ್ಲ ಎಂದು ನೋಡುವ ಕ್ರಮ ಅಲ್ಲಿ ಬೆಳೆದದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇಂಥ ಪಾಠಗಳಲ್ಲಿ ಒಂದನ್ನು ನಮ್ಮ ಭಾಷೆಯಲ್ಲಿ ಹೇಳಿನೋಡುತ್ತೇನೆ. ಯುರೇನಿಯಂ ಬೀಜಕ್ಕೆ ನ್ಯೂಟ್ರಾನ್ ತಾಗಿದಾಗ ಅದು ಒಡೆದು ಎರಡು ಮೂರು ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಅವು ವಿಪರೀತ ವೇಗದವು. ವೇಗದ ನ್ಯೂಟ್ರಾನು ಮತ್ತೊಂದು ಬೀಜವನ್ನು ಒಡೆಯುವ ಸಂಭವ ಕಡಿಮೆ; ಅದನ್ನು ನಿಧಾನಗೊಳಿಸಬೇಕು. ಗೋಲಿ ಆಡಿದವರಿಗೆ ಇದು ಗೊತ್ತಿರುತ್ತದೆ: ಗೋಲಿ ಹೋಗಿ ಬಂಡೆಗೆ ಬಡಿದರೆ ಅದೇ ವೇಗದಲ್ಲಿ ಹಿಂದೆ ಚಿಮ್ಮುತ್ತದೆ, ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ಅಲ್ಲೇ ನಿಲ್ಲುತ್ತದೆ. ನೀರಿನಲ್ಲಿರುವ ಹೈಡ್ರೋಜನ್ ಬೀಜ ನ್ಯೂಟ್ರಾನಿನಷ್ಟೇ ತೂಕದ್ದು. ಹಾಗಾಗಿ ಅಪ್ಸರಾದ ಕೊಳದಲ್ಲಿ ನೀರು ತಂಪು ಮಾಡುವುದರ ಜತೆಗೆ ವೇಗವನ್ನೂ ಇಳಿಸುತ್ತದೆ.

ಇನ್ನು ನಿಯಂತ್ರಣ. ಒಡೆದ ಕ್ಷಣದಲ್ಲೇ ಬರುವ ನ್ಯೂಟ್ರಾನುಗಳನ್ನು ಮಾತ್ರ ನಂಬಿದ್ದರೆ ರಿಯಾಕ್ಟರನ್ನು ಮನುಷ್ಯರು ಹಿಡಿತದಲ್ಲಿಡುವುದು ಸಾಧ್ಯವೇ ಇರಲಿಲ್ಲ, ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತಿತ್ತು. ಆದರೆ ಸಾವಿರದಲ್ಲಿ ಆರೇಳು ನ್ಯೂಟ್ರಾನುಗಳು ತಡವಾಗಿ ಬರುತ್ತವೆ. ಕೆಲವು ಅರೆ ಸೆಕೆಂಡು, ಕೆಲವು ಒಂದು ನಿಮಿಷದಷ್ಟು ತಡ. ಮಳೆಗಾಲದಲ್ಲಿ ಹೊಳೆ ದಾಟಿ, ಗುಡ್ಡ ಇಳಿದು ಎರಡನೆಯ ಪೀರಿಯಡ್ಡಿಗೆ ಬಂದು ಬಾಗಿಲಲ್ಲಿ ನಿಲ್ಲುವ ಮಕ್ಕಳ ಹಾಗೆ. ಈ ತಡವಾಗಿ ಬರುವವರು ಲೆಕ್ಕಕ್ಕೆ ಸೇರದೆ ಸರಪಳಿ ಮುಂದುವರಿಯದಂತೆ ರಿಯಾಕ್ಟರನ್ನು ಹೊಂದಿಸಿಡುತ್ತಾರೆ. ಆಗ ನಿಯಂತ್ರಣದ ಸರಳುಗಳನ್ನು ಇಳಿಸಲು, ಏರಿಸಲು ಸಮಯ ಸಿಗುತ್ತದೆ. ಜಗತ್ತಿನ ಎಲ್ಲ ಅಣು ವಿದ್ಯುತ್ ಕೇಂದ್ರಗಳೂ ನಿಂತಿರುವುದು ಈ ಆರೇಳು ಮಂದಿಯ ಮೇಲೆ. ಕೀಲಿ ತಿರುಗಿಸುವ ಇಂಜಿನಿಯರಿಗೆ ಇದು ತಿಳಿದಿರಲೇಬೇಕು. ಸೂಚನೆ ಪುಸ್ತಕ ನೋಡಿ ಗುಂಡಿ ಒತ್ತುವವನಿಗೂ, ಏಕೆ ಒತ್ತುತ್ತೇನೆಂದು ಅರಿತು ಒತ್ತುವವನಿಗೂ ಅಪಾಯದ ಹೊತ್ತಿನಲ್ಲಿ ಬಹಳ ವ್ಯತ್ಯಾಸವಿದೆ.

ಈ ವ್ಯವಸ್ಥೆಗೆ ವಿರೋಧ ಇರಲಿಲ್ಲವೇ? ಇತ್ತು. ಕಲ್ಕತ್ತೆಯ ಮಹಾನ್ ವಿಜ್ಞಾನಿ ಮೇಘನಾದ ಸಾಹಾ ಅವರು ಅಣು ಸಂಶೋಧನೆ ವಿಶ್ವವಿದ್ಯಾಲಯಗಳಲ್ಲೇ ಬೆಳೆಯಬೇಕು, ಸರಕಾರದ ಗೋಡೆಯೊಳಗೆ ಪ್ರತ್ಯೇಕವಾಗಿ ಬೆಳೆಯಬಾರದು ಎಂದು ಮೊದಲಿನಿಂದ ವಾದಿಸಿದ್ದರು. ಟ್ರಾಂಬೆಯ ಶಾಲೆ ಆರಂಭವಾಗುವ ಒಂದು ವರ್ಷ ಮೊದಲೇ, 1956ರಲ್ಲಿ ಅವರು ತೀರಿಕೊಂಡರು. ಸಾಹಾ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಹುಡುಗರು, ಒಳ್ಳೆಯ ಉಪಕರಣಗಳು ಒಂದೇ ಕಡೆ ಸೇರಿಕೊಂಡದ್ದರಿಂದ ನಮ್ಮ ಕಾಲೇಜುಗಳ ವಿಜ್ಞಾನ ವಿಭಾಗಗಳು ಬಡವಾದದ್ದು ನಿಜ. ಆದರೆ ಆಗ ಕಾಲೇಜುಗಳಿಗೇ ಈ ಕೆಲಸ ಬಿಟ್ಟಿದ್ದರೆ 1957ರಲ್ಲಿ ಶಾಲೆ ತೆರೆಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಶಾಲೆಯ ಪರೀಕ್ಷೆ ಬಂದದ್ದು ಹದಿನೇಳು ವರ್ಷಗಳ ನಂತರ. ಭಾಭಾ 1966ರ ಜನವರಿ 24ರಂದು ಆಲ್ಪ್ಸ್ ಪರ್ವತದಲ್ಲಿ ವಿಮಾನ ಅಪಘಾತಕ್ಕೆ ಬಲಿಯಾಗಿದ್ದರು. ರಾಮಣ್ಣ 1972ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಎರಡು ವರ್ಷದಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು. ಕೆನಡಾ ಸಿಟ್ಟಾಗಿ ನೆರವು ನಿಲ್ಲಿಸಿತು. ರಾಜಸ್ಥಾನದ ಕೋಟಾ ಹತ್ತಿರ ಅವರ ಸಹಾಯದಿಂದ ಕಟ್ಟುತ್ತಿದ್ದ ಎರಡನೆಯ ಘಟಕ ಅರ್ಧದಲ್ಲಿ ನಿಂತಿತು. ನಕ್ಷೆ, ಬಿಡಿಭಾಗ, ಭಾರಜಲ, ಸಲಹೆ ಕೊಡುವವರು ಯಾವುದೂ ಇಲ್ಲ. ಉಳಿದಿದ್ದದ್ದು ಟ್ರಾಂಬೆಯ ಶಾಲೆಯಿಂದ ವರ್ಷ ವರ್ಷ ಹೊರಬಂದಿದ್ದ ಜನ. ಅವರು ಅದನ್ನು ಮುಗಿಸಿದರು. ತಡವಾಗಿ, ಕಷ್ಟಪಟ್ಟು, 1981ರಲ್ಲಿ. ಆ ಮೇಲೆ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್, ಕೈಗಾ ಕೇಂದ್ರಗಳು ನಮ್ಮವರ ಕೈಯಲ್ಲೇ ಎದ್ದವು. ಪೋಖ್ರಾನ್ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ಬೇರೆ. ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಈ ಇಂಜಿನಿಯರುಗಳು ಎಂಬುದನ್ನು ಮರೆಯಬಾರದು.

ರಾಮಣ್ಣ 1978ರಿಂದ ಕೆಲಕಾಲ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದು, ಮತ್ತೆ ಟ್ರಾಂಬೆಗೆ ಬಂದು, 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. 1985ರಲ್ಲಿ ನಮ್ಮವರೇ ಕಟ್ಟಿದ 100 ಮೆಗಾವಾಟಿನ ಧ್ರುವ ರಿಯಾಕ್ಟರ್ ಆರಂಭವಾಯಿತು. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ದುರಂತ ನಡೆದು ಜಗತ್ತೇ ನಡುಗಿತು. ಅದೇ ವರ್ಷ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಸಭೆಯ ಅಧ್ಯಕ್ಷತೆ ಅವರದಾಗಿತ್ತು.

ಕೈಗಾ ಯೋಜನೆ ರೂಪುಗೊಂಡದ್ದು ಈ ವರ್ಷಗಳಲ್ಲೇ. ಅದಕ್ಕೆ ದೊಡ್ಡ ಧ್ವನಿಯಲ್ಲಿ ಬೇಡವೆಂದವರು ನಮ್ಮ ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಡಾ. ಶಿವರಾಮ ಕಾರಂತರು. 1989ರ ಲೋಕಸಭಾ ಚುನಾವಣೆಯಲ್ಲಿ, ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಸ್ಪರ್ಧಿಸಿ ಊರೂರು ತಿರುಗಿದರು. ಗೆಲ್ಲಲಿಲ್ಲ. ಕಾಳಿ ಕಣಿವೆಯ ಕಾಡಿನ ನಡುವೆ ರಿಯಾಕ್ಟರ್ ಬೇಕೇ ಎಂಬ ಅವರ ಪ್ರಶ್ನೆ, ಪಶ್ಚಿಮ ಘಟ್ಟದ ಬುಡದಲ್ಲೇ ಇರುವ ನಮಗೆ ದೂರದ್ದಾಗಿ ಕೇಳಿಸುವುದಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಹಂತದಲ್ಲೇ ಕೈಗಾದ ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ, ದೊಡ್ಡ ಅನಾಹುತ ತಪ್ಪಿತು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು; 2000ದ ಹೊತ್ತಿಗೆ ಎರಡು ಘಟಕಗಳೂ ವಿದ್ಯುತ್ ಕೊಡತೊಡಗಿದವು. ರಾಮಣ್ಣ ಮತ್ತು ಕಾರಂತ, ಇಬ್ಬರೂ ಕನ್ನಡದ ಹೆಮ್ಮೆಯೇ. ಒಬ್ಬರ ಮೇಲಿನ ಗೌರವದಿಂದ ಇನ್ನೊಬ್ಬರ ಪ್ರಶ್ನೆಯನ್ನು ಪಕ್ಕಕ್ಕಿಡಲು ನನಗೆ ಮನಸ್ಸು ಬಾರದು. ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲ ಇಂಜಿನಿಯರನ್ನು ಸಿದ್ಧಗೊಳಿಸುವುದೂ ಪಠ್ಯಕ್ರಮದ ಕೆಲಸವೇ ತಾನೆ?

ನಿವೃತ್ತಿಯ ನಂತರ ರಾಮಣ್ಣ ಬೆಂಗಳೂರಿಗೆ ಮರಳಿದರು. ಜೆ. ಆರ್. ಡಿ. ಟಾಟಾ ಅವರ ಕನಸಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಟಾಟಾ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. ಇಲ್ಲಿಯೂ ಅವರು ಹಳೆಯ ಸೂತ್ರವನ್ನೇ ಹಿಡಿದರು. ಆಡಳಿತಗಾರರು, ವಿಜ್ಞಾನಿಗಳು, ಕಲಾವಿದರು, ತತ್ತ್ವಜ್ಞಾನಿಗಳು ಒಂದೇ ಕೋಣೆಯಲ್ಲಿ ಕುಳಿತು ತಮ್ಮದಲ್ಲದ ವಿಷಯವನ್ನು ಕೇಳಬೇಕು. 1990ರಲ್ಲಿ ವಿ. ಪಿ. ಸಿಂಗ್ ಸರಕಾರದಲ್ಲಿ ರಕ್ಷಣಾ ರಾಜ್ಯ ಸಚಿವರಾದರು, 1997ರಿಂದ 2003ರವರೆಗೆ ರಾಜ್ಯಸಭೆಯಲ್ಲಿದ್ದರು. ಪದ್ಮವಿಭೂಷಣ 1975ರಲ್ಲೇ ಬಂದಿತ್ತು. ನಮ್ಮ ರಾಗಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ಹೋಲಿಸಿ ಒಂದು ಪುಸ್ತಕ ಬರೆದರು. ಪಿಯಾನೊ ಕಚೇರಿಗಳನ್ನು ವೃದ್ಧಾಪ್ಯದಲ್ಲೂ ನೀಡುತ್ತಿದ್ದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಮರುವರ್ಷ ಇಂದೂರಿನ ಲೇಸರ್ ಮತ್ತು ವೇಗವರ್ಧಕಗಳ ಸಂಶೋಧನಾ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಅವರು ಕಟ್ಟಿದ ಶಾಲೆಯಿಂದ ಬಂದವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬೇಕು. ಮಧ್ಯಪ್ರದೇಶದ ಬರವಾನಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಲ್ಲಿಯೂ ಪಕ್ಕದ ಖರಗೋಣದಲ್ಲಿಯೂ ಶಾಲೆ ಕಲಿತ ಅನಿಲ್ ಕಾಕೋಡ್ಕರ್ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಈ ಶಾಲೆಯ ತರಬೇತಿ ಪಡೆದು 1964ರಲ್ಲಿ ಟ್ರಾಂಬೆಯ ಕೆಲಸಕ್ಕೆ ಸೇರಿದರು. ಧ್ರುವ ರಿಯಾಕ್ಟರಿನ ವಿನ್ಯಾಸದಲ್ಲಿ ದುಡಿದರು. 2000ದಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅವರ ನಂತರ ಆ ಕುರ್ಚಿಯಲ್ಲಿ ಕುಳಿತ ಶ್ರೀಕುಮಾರ್ ಬ್ಯಾನರ್ಜಿ, ರತನ್ ಕುಮಾರ್ ಸಿನ್ಹಾ ಇಬ್ಬರೂ ಅದೇ ಶಾಲೆಯವರು.

2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆ ಎಂಬ ಪರಿಗಣಿತ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಟ್ರಾಂಬೆಯ ಒಂದು ವರ್ಷದ ಓದು ಸ್ನಾತಕೋತ್ತರ ಪದವಿಯ ಕಡೆಗೆ ಲೆಕ್ಕಕ್ಕೆ ಬರುವಂತಾಯಿತು. ಸಾಹಾ ಕೇಳಿದ್ದ ವಿಶ್ವವಿದ್ಯಾಲಯ ಐವತ್ತು ವರ್ಷ ತಡವಾಗಿ, ಬೇರೆ ಬಾಗಿಲಿನಿಂದ ಬಂದಂತಾಯಿತು. ಈಗ ಆ ಶಾಲೆಗೆ ಮುಂಬಯಿಯ ಹೊರಗೂ ಶಾಖೆಗಳಿವೆ. ನಮ್ಮ ಶಾಲೆಯಿಂದ ಹೋಗಿ ಇಂಜಿನಿಯರಿಂಗ್ ಅಥವಾ ಎಂ. ಎಸ್ಸಿ. ಓದುತ್ತಿರುವ ಮಕ್ಕಳ ಪೋಷಕರು ತಿಳಿದುಕೊಳ್ಳಲಿ ಎಂದು ಹೇಳುತ್ತೇನೆ: ಪ್ರವೇಶಕ್ಕೆ ಪ್ರತಿವರ್ಷ ಪ್ರಕಟಣೆ ಬರುತ್ತದೆ. ಅರ್ಹರಾದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಆಯ್ಕೆಯಾದವರು ಫೀಸು ಕಟ್ಟಬೇಕಾಗಿಲ್ಲ, ತರಬೇತಿಯ ವರ್ಷದಲ್ಲಿ ವಿದ್ಯಾರ್ಥಿವೇತನ ಸಿಗುತ್ತದೆ, ಮುಗಿಸಿದವರಿಗೆ ಅಲ್ಲೇ ಕೆಲಸ.